ರುಮಾಲಿನೊಳಗಿನ ಪುಕ್ಕ

ಶೇಖವ್ವನ ಗಂಡ ಅಂದಾನೆಪ್ಪನ ರುಮಾಲು ಬಿಚ್ಚಿ ಹಾಸಿದರೆ ಹದಿನಾರು ಮೊಳ. ಅದನ್ನು ಸುತ್ತಿಕೊಂಡು ಗಜೇಂದ್ರಗಡದ ಪೇಟೆಯಲ್ಲಿ ಅರಳೆ ವ್ಯಾಪಾರ ಮಾಡುತ್ತ ಮೆರೆಯುವ ಕೆಲಸ ಅವನದು. ಎಂಟು ದಿನಕ್ಕೊಮ್ಮೆ ಅದನ್ನು ಬಿಚ್ಚಿ, ಕೊಡವಿ, ಒಗೆದು, ಇನ್ನೊಂದು ತುದಿ ಹಿಡಿಯಲು ಜನ ಸಿಗದೆ ಹುಣಸೆ ಗಿಡಕ್ಕೆ ಕಟ್ಟಿ ಒಣಗಿಸುವ ಕೆಲಸ ಅವಳದು. ಮದುವೆಯಾದ ಮೂರು ವರ್ಷಗಳಲ್ಲಿ ಆ ರುಮಾಲಿನ ಮಡಿಕೆಗಳಿಂದ ಅವಳು ಅರಳೆಯ ಎಳೆ, ಜೋಳದ ಕಾಳು, ಅಡಕೆಯ ಹೋಳು, ಒಮ್ಮೆ ಒಂದು ಜೀವಂತ ಜಿರಳೆ (ಅದೂ ಸಾವಕಾರನ ಗತ್ತಿನಲ್ಲೇ ನಡೆದು ಹೊರಗೆ ಬಂದಿತ್ತು), ಇಷ್ಟನ್ನು ಹೊರತೆಗೆದಿದ್ದಳು. ಆದರೆ ಮಾರ್ಗಶಿರದ ಆ ಗುರುವಾರ ಬಾವಿಕಟ್ಟೆಯ ಮೇಲೆ ನಿಂತು ರುಮಾಲು ಕೊಡವಿದಾಗ ಹೊರಬಿದ್ದದ್ದು ಒಂದು ಪುಕ್ಕ.

ಪುಕ್ಕ ನೆಲಕ್ಕೆ ಬೀಳುವ ಅವಸರವನ್ನೇನೂ ತೋರಲಿಲ್ಲ. ಗಾಳಿಯಲ್ಲಿ ಎರಡು ಸುತ್ತು ಹಾಕಿ, ಬಾವಿಕಟ್ಟೆಯನ್ನೆಲ್ಲ ನೋಡಿ, ಕೊನೆಗೆ ಶೇಖವ್ವನ ಬಲಗಾಲಿನ ಹೆಬ್ಬೆರಳ ಮೇಲೆ ಬಂದು ಕುಳಿತಿತು. ಕೆಂಪು ಬೆರೆತ ಕಂದು ಬಣ್ಣ, ತುದಿಯಲ್ಲಿ ನುಣುಪು, ಬುಡದಲ್ಲಿ ಮೆತ್ತನೆಯ ತುಪ್ಪಳ. ಕಾಗೆಯದಲ್ಲ. ಗಿಳಿಯದಲ್ಲ. ಪಾರಿವಾಳದ್ದಿರಬಹುದು ಎಂದು ನಂಬಲು ಅವಳು ಮನಸ್ಸಾರೆ ಪ್ರಯತ್ನಿಸಿದಳು. ಆಗಲಿಲ್ಲ. ಅದು ಕೋಳಿಯದು.

ಈ ಶಬ್ದವನ್ನು ಇಲ್ಲಿ ಬರೆದಷ್ಟು ಸಲೀಸಾಗಿ ಆ ಮನೆಯಲ್ಲಿ ಆಡುವಂತಿರಲಿಲ್ಲ. ಅಂದಾನೆಪ್ಪನ ತಾಯಿ ಹೊನ್ನವ್ವ ಕೊರಳಲ್ಲಿ ಲಿಂಗ, ಹಣೆಯ ತುಂಬ ಮೂರು ಬೆರಳಿನ ವಿಭೂತಿ ಧರಿಸಿದ ಮಹಾಶಿವಭಕ್ತೆ. ಮುಂಜಾನೆ ಓಣಿಯಾಚೆ ಅದು ಕೂಗಿದರೆ "ಹೊತ್ತ ಹೊಂಡತು, ಏಳ್ರಿ" ಎನ್ನುತ್ತಿದ್ದಳೇ ಹೊರತು, ಕೂಗಿದ್ದು ಯಾರೆಂದು ಬಾಯಿ ಬಿಡುತ್ತಿರಲಿಲ್ಲ. ಅಂಗಳದಲ್ಲಿ ಅದರ ಹೆಜ್ಜೆ ಕಂಡರೆ ಆ ಜಾಗಕ್ಕೆ ಸೆಗಣಿ ನೀರು ಹೊಡೆದು ಸಾರಿಸುತ್ತಿದ್ದಳು. ಅಂಥವಳ ಮಗನ ತಲೆಯ ಮೇಲೆ, ರುಮಾಲಿನ ಏಳನೆಯ ಸುತ್ತಿನಲ್ಲಿ, ಕೋಳಿಯ ಪುಕ್ಕ!

ಶೇಖವ್ವ ಅಳಲಿಲ್ಲ. ಅವಳು ಲೆಕ್ಕಾಚಾರದ ಹೆಣ್ಣು. ಮೊದಲು ಸಾಕ್ಷಿ ಭದ್ರವಾಗಬೇಕೆಂದು ಪುಕ್ಕವನ್ನು ಎಲೆಯಲ್ಲಿ ಮಡಿಚಿ, ಮನೆಯೊಳಗೆ ತೊಟ್ಟಿಲ ಪಕ್ಕದ ಗೂಡಿನಲ್ಲಿ ಬಜೆ ಬೇರಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಆಮೇಲೆ ರುಮಾಲು ಒಗೆದಳು. ಎಂದಿಗಿಂತ ಎರಡು ಪಟ್ಟು ಜೋರಾಗಿ ಕಲ್ಲಿಗೆ ಬಡಿದಳು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಆ ವರ್ಷವೇ ಸಂಶಯದ ವರ್ಷ. ಉತ್ತರದ ಕಡೆ ಸಿಪಾಯಿಗಳು ದಂಗೆ ಎದ್ದ ಸುದ್ದಿ ಬಂದಿತ್ತು. ಮನೆಮನೆಯವರು ಹತ್ಯಾರ ಒಪ್ಪಿಸಬೇಕೆಂದು ಸರಕಾರದ ಹುಕುಂ ಹೊರಟಿತ್ತು. ನರಗುಂದದ ಗುಡ್ಡದ ಮೇಲೆ ಏನೋ ಕುದಿಯುತ್ತಿದೆಯೆಂದು ಸಂತೆಯಲ್ಲಿ ಪಿಸುಮಾತು. ಬದನೆಕಾಯಿ ಹೆಚ್ಚುವ ಈಳಿಗೆಯೂ ಹತ್ಯಾರದ ಪೈಕಿಗೆ ಸೇರುತ್ತದೆಯೋ ಹೇಗೆ ಎಂದು ಹೊನ್ನವ್ವ ಎರಡು ದಿನ ಚಿಂತಿಸಿ, ಕೊನೆಗೆ ಅದನ್ನು ಹೊಟ್ಟಿನ ಕೋಣೆಯಲ್ಲಿ ಹೂತಿಟ್ಟು, ಮೂರನೆಯ ದಿನ ಬದನೆಕಾಯಿ ತಿನ್ನುವ ಆಸೆಯಾಗಿ ತಾನೇ ಅಗೆದು ತೆಗೆದಿದ್ದಳು.

ಇಂಥ ಕಾಲದಲ್ಲಿ ಅಂದಾನೆಪ್ಪ ನಾಲ್ಕೈದು ದಿನಗಳಿಂದ ಮಧ್ಯಾಹ್ನ ಪೇಟೆ ಬಿಟ್ಟು ಎಲ್ಲಿಗೋ ಹೋಗುತ್ತಿದ್ದ. ಹೊತ್ತು ಮುಳುಗುವ ಮೊದಲು ಮನೆಗೆ ಬರುವಾಗ ತಲೆ ತೊಯ್ದಿರುತ್ತಿತ್ತು. ಆರು ರೊಟ್ಟಿ ಉಣ್ಣುವವನು ನಾಲ್ಕಕ್ಕೆ ಕೈ ತೊಳೆಯುತ್ತಿದ್ದ. ಬೆರಳ ತುದಿಗೆ ಸಣ್ಣಸಣ್ಣ ಗಾಯ.

"ಯಾಕ್ರಿ, ಸಂಜೀ ಮುಂದ ಜಳಕಾ ಮಾಡಾಕ ಹತ್ತೀರಿ?" ಎಂದು ಅವಳು ಕೇಳಿದರೆ,

"ಮೈಯೆಲ್ಲಾ ಅರಳಿ ಧೂಳಾ" ಎಂದ.

"ಇಷ್ಟ ವರ್ಷ ಧೂಳ ಇರಲಿಲ್ಲೇನ್ರಿ ಅರಳ್ಯಾಗ?"

"ಈ ವರ್ಷದ ಅರಳೀನs ಬ್ಯಾರೆ."

"ಬೆರಳಿಗೆ ಏನಾಗೇತಿ?"

"ಅರಳಿ ಮುಳ್ಳ."

ಅರಳೆಗೆ ಮುಳ್ಳು! ರಾಜೂರಿನ ಅರಳೆಯ ಸಾವಕಾರನ ಮಗಳ ಮುಂದೆ ಈ ಮಾತು! ಅವಳು ಇನ್ನೊಂದು ರೊಟ್ಟಿ ಹಾಕಲು ಬಾಗುವ ನೆಪದಲ್ಲಿ ಅವನ ಅಂಗಿಯನ್ನು ಮೂಸಿ ನೋಡಿದಳು. ಎಣ್ಣೆಯ ವಾಸನೆ, ಕಬ್ಬಿಣದ ವಾಸನೆ, ಅದರ ಹಿಂದೆ ಏನೋ ಹೆಸರಿಸಲಾಗದ ಗೂಡಿನ ವಾಸನೆ.

ಇಷ್ಟು ಸಾಲದೆ ಮನೆಯಲ್ಲಿ ನಿದ್ದೆಯೇ ಹಾರಿಹೋಗಿತ್ತು. ಅದಕ್ಕೆ ಕಾರಣ ಹಾಡುವ ಪೆಟ್ಟಿಗೆ. ಕುಮಟೆಯ ಬಂದರಿಗೆ ಅರಳೆಯ ಬಂಡಿ ಹೊಡೆಸಿದ್ದ ಶೇಖವ್ವನ ಅಪ್ಪ, ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಸಾಹೇಬನಿಂದ ಅದನ್ನು ತಂದು, ಮೊಮ್ಮಗ ಗುರುಸಂಗಪ್ಪನನ್ನು ತೊಟ್ಟಿಲಿಗೆ ಹಾಕುವ ದಿನ ಮಗಳಿಗೆ ಕೊಟ್ಟಿದ್ದ. ಒಳಗೆ ಮೈತುಂಬ ಸಣ್ಣ ಮುಳ್ಳುಗಳಿರುವ ಹಿತ್ತಾಳೆಯ ಉರುಳೆ. ಅದಕ್ಕೆ ತಾಗಿದಂತೆ ಉಕ್ಕಿನ ಹಣಿಗೆ. ಚಾವಿ ತಿರುವಿದರೆ ಉರುಳೆ ಸುತ್ತಿ, ಮುಳ್ಳು ಹಣಿಗೆಯ ಹಲ್ಲನ್ನು ಮೀಟಿ, ತಂಬೂರಿ, ಗೆಜ್ಜೆ, ಮಳೆಹನಿ ಮೂರೂ ಕೂಡಿದಂಥ ಹಾಡು. ಒಳಗೆ ಬೆರಳುದ್ದದ ಮಡ್ಡಮ್ಮ, ಅಂದರೆ ಸಾಹೇಬರ ಹೆಂಗಸು, ಕುಳಿತಿದ್ದಾಳೆಂದು ಹೊನ್ನವ್ವನ ಗುಮಾನಿ. ಆದರೂ ಹಲ್ಲು ಬರುವ ಕೂಸು ಆ ಹಾಡು ಕೇಳಿದೊಡನೆ ಕಣ್ಣು ಮುಚ್ಚುತ್ತಿದ್ದುದರಿಂದ ಮಡ್ಡಮ್ಮನಿಗೆ ಇರಲು ಅಪ್ಪಣೆ ಸಿಕ್ಕಿತ್ತು. ಸೋಮವಾರ ಪೆಟ್ಟಿಗೆಗೂ ವಿಭೂತಿ ಬೀಳುತ್ತಿತ್ತು.

ದೀಪಾವಳಿಯ ಮುಂದೆ ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಶೇಖವ್ವ ಪೆಟ್ಟಿಗೆಯ ಉರುಳೆಯನ್ನೂ ತಿಕ್ಕಿದಳು. ಹಿತ್ತಾಳೆ ಎಂದ ಮೇಲೆ ಹಿತ್ತಾಳೆ. ಹಣಿಗೆಯ ಹಲ್ಲುಗಳ ಕೆಳಗೆ ಬೂದು ಬಣ್ಣದ ಕಸ ಮೆತ್ತಿತ್ತು; ಅದನ್ನು ಕಸಬರಿಗೆಯ ಕಡ್ಡಿಯಿಂದ ಕೆರೆದು, ಊದಿ, ಸ್ವಚ್ಛ ಮಾಡಿದಳು. ಉರುಳೆ ಬಂಗಾರದಂತೆ ಹೊಳೆಯಿತು. ಚಾವಿ ತಿರುವಿದಾಗ ಮಾತ್ರ ಎಣ್ಣೆ ಕಾಣದ ಬಂಡಿಯ ಅಚ್ಚಿನಂತೆ ಕಿರ್‌ರ್ ಎಂದು ಚೀರಿತು. ಅವಳು ತಟ್ಟನೆ ಮುಚ್ಚಳ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಅಂದಾನೆಪ್ಪ ಬಂದು ಚಾವಿ ತಿರುವಿ, ಅದು ಚೀರಿದ್ದೇ ತಡ, "ಅಯ್ಯೋ, ಹೆಚ್ಚ ತಿರುವಿ ಕೆಡಿಸಿಬಿಟ್ನಲ್ಲಾ" ಎಂದು ತಲೆಯ ಮೇಲೆ ಕೈ ಹೊತ್ತುಕೊಂಡ. ಆ ತಪ್ಪು ತಿಳಿವಳಿಕೆಯನ್ನು ತಿದ್ದಲು ಶೇಖವ್ವನಿಗೆ ಅವತ್ತು ಪುರಸೊತ್ತಾಗಲಿಲ್ಲ. (ಹಬ್ಬದ ಕೆಲಸ. ಆಮೇಲೂ ಆಗಲಿಲ್ಲ.) ಕೆಲವು ದಿನಗಳ ಮೇಲೆ ಅವನು ಅದನ್ನು ದುರಸ್ತಿಗೆಂದು ಬಂಡಿಯಲ್ಲಿಟ್ಟು ಹುಬ್ಬಳ್ಳಿಗೆ ಕಳಿಸಿದ್ದ. ಹಾಗೆಂದು ಅವನೇ ಹೇಳಿದ್ದ.

ಶುಕ್ರವಾರ ಪಕ್ಕದ ಮನೆಯ ಸಣ್ಣವ್ವ ಉಪ್ಪು ಕೇಳುವ ನೆಪದಲ್ಲಿ ಬಂದಳು. ಉಪ್ಪಿನ ಬಟ್ಟಲನ್ನು ಕೆಳಗಿಟ್ಟಳು ಎಂದರೆ ಸುದ್ದಿ ದೊಡ್ಡದು.

"ನಿನ್ನ ಗಂಡ ಸುಭಾನಸಾಬನ ಮನೀಗೆ ಹೊಕ್ಕು ಹೊಂಡ್ತಾನಲ್ಲಬೇ, ಏನ ವಿಷಯಾ?"

ಸುಭಾನಸಾಬ ಬಂದೂಕು ದುರಸ್ತಿ ಮಾಡುವವನು. ಊರಿನ ಬಂದೂಕುಗಳೆಲ್ಲ ಸರಕಾರದ ಪಾಲಾದ ಮೇಲೆ ಕೈ ಕಟ್ಟಿ ಕುಳಿತಿದ್ದ.

"ಬಂದೂಕ?" ಎಂದಳು ಮೆಲ್ಲಗೆ.

"ಬಂದೂಕಲ್ಲವಾ ತಾಯಿ, ಬಂದೂಕಾಗಿದ್ರ ನಾ ಬಾಯಿ ತಗೀತಿರಲಿಲ್ಲ. ನಿನ್ನೆ ಅಗಸಿ ಕಡಿಂದ ಬರಾಕತ್ತಿದ್ನಿ. ಅಂವನ ಹೆಂಡ್ತಿ ಕಾಶೀಂಬಿ ಹಿತ್ತಲದಾಗ ನಿನ್ನ ಗಂಡ ಧೋತರ ಮ್ಯಾಲ ಕಟಗೊಂಡು ಓಡ್ಯಾಡಾಕತ್ತಿದ್ದ. ಮುಂದ ಅದು, ಹಿಂದ ಇವ."

"ಅದು ಅಂದ್ರ?"

ಸಣ್ಣವ್ವ ಸುತ್ತಮುತ್ತ ನೋಡಿ, ಎರಡೂ ಮೊಳಕೈಗಳನ್ನು ಪಕ್ಕೆಗೆ ಬಡಿದು ತೋರಿಸಿದಳು. ಕೂಗುವುದೊಂದು ಬಾಕಿ. "ಹಿಡದಾ ನೋಡ. ಕಾಲ ಹಿಡದ ತಲೀ ಕೆಳಗ ಮಾಡಿದಾ. ಮುಂದಿಂದ ನಾ ನೋಡಲಿಲ್ಲ, ನನಗ ಲಿಂಗಪೂಜೀಗೆ ಹೊತ್ತಾಗಿತ್ತ."

ಶೇಖವ್ವ ಅಂದು ಒಲೆಯ ಮುಂದೆ ಕುಳಿತು ಬಹಳ ವಿಚಾರ ಮಾಡಿದಳು. ಬಂಡಾಯವೇ ಆಗಿದ್ದರೆ ಚೆನ್ನಾಗಿತ್ತು. ಸರಕಾರ ಹಿಡಿದು ಒಯ್ದರೂ ಬಳಗ ಹೆಮ್ಮೆ ಪಡುತ್ತಿತ್ತು. ಲಾವಣಿ ಕಟ್ಟಿದರೆ ಹೆಂಡತಿಯ ಹೆಸರೂ ಒಂದು ಸಾಲಿನಲ್ಲಿ ಬರುತ್ತಿತ್ತು. ಕೋಳಿ ತಿಂದವನ ಮೇಲೆ ಯಾರು ಲಾವಣಿ ಕಟ್ಟುತ್ತಾರೆ? ಆ ಮನೆಯ ನೀರನ್ನು ಯಾರು ಮುಟ್ಟುತ್ತಾರೆ? ಕೂಸು ದೊಡ್ಡವನಾದ ಮೇಲೆ ಯಾರು ಹೆಣ್ಣು ಕೊಡುತ್ತಾರೆ? ಖರೇ ಆಗಿದ್ದರೆ ಕೂಸನ್ನು ಎತ್ತಿಕೊಂಡು ತವರಿಗೆ ಹೋಗಿಬಿಡುವುದು, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ನಿರ್ಧರಿಸಿದಳು. ಎರಡು ಸೀರೆ, ಕೂಸಿನ ಕುಲಾವಿ, ಬಜೆ ಡಬ್ಬಿ ಗಂಟು ಕಟ್ಟಿದಳು. ಗಂಡ ಬೆಳಗಿನ ಜಾವ ತನಗಿಂತ ಮೊದಲೆದ್ದು ಸಪ್ಪಳವಾಗದಂತೆ ತೊಟ್ಟಿಲು ತೂಗುವುದು ನೆನಪಾಗಿ ಕಣ್ಣಲ್ಲಿ ನೀರು ಬಂತು. ಗಂಟು ಬಿಚ್ಚಿದಳು. ಪುಕ್ಕ ನೆನಪಾಯಿತು. ಮತ್ತೆ ಕಟ್ಟಿದಳು. ಆ ಹೊತ್ತಿಗೆ ರೊಟ್ಟಿ ಸೀದಿತ್ತು.

ಭಾನುವಾರ ಗಂಡ ಹೊರಗೆ ಕಾಲಿಟ್ಟೊಡನೆ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೊನ್ನವ್ವ ಗೋಡೆಗೆ ಆತುಕೊಂಡಳು. ಬಾಯಿಂದ ಹೊರಟದ್ದು ಆಮೇಲೆ ನಿಲ್ಲಲಿಲ್ಲ.

"ನನ್ನ ಮಗಾ ಹಂಗ ಇರಲಿಲ್ಲವಾ! ಹುಟ್ಟಿದಾಗಿಂದ ಬರೇ ಮಸರಾ ಅನ್ನಾ ಉಂಡ ಬೆಳದಾಂವಾ. ನಿನ್ನ ಝುಣಕಾ ಉಂಡ ಉಂಡ ನಾಲಿಗಿ ಸತ್ತ, ಕಂಡದ್ದರ ಬೆನ್ನ ಹತ್ಯಾನ!"

"ನನ್ನ ಝುಣಕಾಕ್ಕೇನಾಗೇತ್ರಿ ಅತ್ತಿ? ನೀವs ಎರಡ ಸಲ ಹಾಕಿಸ್ಕೋತೀರಿ!"

"ನಾ ಹಲ್ಲಿಲ್ಲದಾಕಿ. ನನ್ನ ಮಾತ ಬ್ಯಾರೆ!"

ಕಡೆಗೆ ಮಠದ ಅಯ್ಯನವರಿಗೆ ಹೇಳಿಕಳಿಸಿದರು. ಅಯ್ಯನವರು ಸಾವಧಾನದ ಮನುಷ್ಯ. ಯಾವ ಜಗಳಕ್ಕೆ ಕರೆದರೂ ಗೋದಿ ಹುಗ್ಗಿ ಸಿಗುವ ಮನೆಗೆ ಮೊದಲು ಬರುತ್ತಿದ್ದರು. ಪಡಸಾಲೆಯ ಕಂಬಳಿಯ ಮೇಲೆ ಕುಳಿತು, ಎಲ್ಲ ಕೇಳಿ, ಗಡ್ಡ ನೀವಿಕೊಂಡರು.

"ತಲೀ ಮ್ಯಾಲ ಐದ ಕೊಡಾ ಬಿಸಿನೀರು. ವಿಭೂತಿ. ಮತ್ತ ಲಿಂಗಪೂಜಿ. ಮುಗೀತು. ಹುಡುಗಬುದ್ಧಿ."

"ಐದ್ರೀ?" ಶೇಖವ್ವ ಬಾಗಿಲ ಮರೆಯಿಂದ ಹೊರಗೇ ಬಂದಳು. "ಐದ ಕೊಡದಾಗ ಏನ ತೊಳೀತೈತ್ರಿ? ಇಪ್ಪತ್ತೊಂದರೆ ಆಗಬೇಕು. ಅದೂ ಬಾವಿಯಾಗಿನ ತಣ್ಣೀರ!"

"ಮಾರ್ಗಶಿರದ ಥಂಡಿ, ತಂಗಿ..."

"ಥಂಡಿ ಹತ್ತಿದ್ರನ ನೆನಪ ಇರೂದ್ರಿ."

ಹೊನ್ನವ್ವನಿಗೂ ಇದು ತುಸು ಹೆಚ್ಚೆನಿಸಿತು. ಆದರೆ ಸೊಸೆಯ ಕಣ್ಣು ನೋಡಿ ತಲೆ ಆಡಿಸಿದಳು.

"ಆತು" ಎಂದರು ಅಯ್ಯನವರು. "ಆದ್ರ ಅಂವಾ ತಿಂದಾನೋ, ಬರೇ ಮುಟ್ಟ್ಯಾನೋ ಗೊತ್ತಿಲ್ಲಲ್ಲ. ಯಾರಿಗೆ ಅಂತ ಇಡೂಣು?"

"ಯಾರು ಅದನ್ನ ಈ ಹೊಸ್ತಿಲಾ ದಾಟಿಸಿ ಒಳಗ ತಂದ್ರೋ ಅವರಿಗ್ರಿ" ಎಂದಳು ಶೇಖವ್ವ, ಒಂದೊಂದೇ ಶಬ್ದವನ್ನು ಕಲ್ಲಿನ ಮೇಲೆ ಕೊರೆದಂತೆ. "ತಿನ್ನಲಿ ಬಿಡಲಿ. ಮನೀ ಒಳಗ ತಂದವರಿಗೆ ಇಪ್ಪತ್ತೊಂದ ಕೊಡಾ. ಬಚ್ಚಿಟ್ಟವರಿಗೂ ಅಷ್ಟs!"

"ನಡೀರಿ ಹಂಗಾರ, ಕಣ್ಣಿಲೇ ನೋಡೂಣು" ಎಂದು ಅಯ್ಯನವರು ಎದ್ದರು.

ಶೇಖವ್ವ ಬಗಲಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಗಂಟು ಹಿಡಿದು ನಡೆದಳು. ಅಲ್ಲಿಂದಲೇ ರಾಜೂರಿನ ಹಾದಿ ಹಿಡಿಯುವ ಸಿದ್ಧತೆ. ಹಿಂದೆ ಹೊನ್ನವ್ವ, ಅವಳ ಹಿಂದೆ ಉಪ್ಪಿನ ಬಟ್ಟಲಿನ ಸಮೇತ ಸಣ್ಣವ್ವ. ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಸುಭಾನಸಾಬನ ಮನೆ. ಹಿತ್ತಲ ಗೋಡೆಯ ಹತ್ತಿರ ಬರುತ್ತಲೇ ಒಳಗಿಂದ ಕಾಶೀಂಬಿಯ ದನಿ ಕೇಳಿತು.

"ಸಾವಕಾರ್ರ, ಕೈ ಮುಗೀತೀನಿ, ಈ ಕೆಂದೀನರೆ ಬಿಡ್ರಿ! ಕಾವಿಗೆ ಕುಂತೈತ್ರಿ ಅದು!"

ಶೇಖವ್ವ ಬಾಗಿಲು ದೂಡಿ ಒಳಗೆ ನುಗ್ಗಿದಳು.

ಹಿತ್ತಲಲ್ಲಿ ಒಂದು ಹೇಂಟೆ ಅರೆಬೋಳಾಗಿ, ನಾಚಿಕೆಯಿಂದ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಅಂದಾನೆಪ್ಪ. ಅವನ ಮುಂದೆ ಪರಾತದಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿಟ್ಟ ಪುಕ್ಕಗಳು. ಒಲೆ ಇಲ್ಲ, ಮಡಕೆ ಇಲ್ಲ. ಎದುರಿಗೆ ಮೂಗಿನ ತುದಿಗೆ ಕನ್ನಡಕ ಏರಿಸಿದ ಸುಭಾನಸಾಬ. ಇಬ್ಬರ ನಡುವೆ ಮುಚ್ಚಳ ತೆರೆದುಕೊಂಡು ಕುಳಿತಿದ್ದದ್ದು ಹುಬ್ಬಳ್ಳಿಗೆ ಹೋಗಿದ್ದ ಹಾಡುವ ಪೆಟ್ಟಿಗೆ.

ಅಂದಾನೆಪ್ಪ ಮೊದಲು ಹೆಂಡತಿಯನ್ನು, ಆಮೇಲೆ ತಾಯಿಯನ್ನು, ಆಮೇಲೆ ಅಯ್ಯನವರನ್ನು ನೋಡಿದ. ಕೈಯಲ್ಲಿದ್ದ ಪುಕ್ಕವನ್ನು ಎಲ್ಲಿಡಬೇಕೆಂದು ತಿಳಿಯದೆ ಕಿವಿಯಲ್ಲಿ ಸಿಕ್ಕಿಸಿಕೊಂಡ.

"ಏನಪಾ ಇದು?" ಎಂದಳು ಹೊನ್ನವ್ವ. "ತಿಂದೀಯೋ ಇಲ್ಲೋ, ಮೊದಲ ಅದನ್ನ ಹೇಳ!"

"ಯವ್ವಾ! ಶಿವ ಶಿವಾ!"

ಕಾಶೀಂಬಿ ನಕ್ಕೇಬಿಟ್ಟಳು. "ತಿನ್ನೂದಂದ್ರೇನಬೇ ಯವ್ವಾ! ನಿಮ್ಮ ಮಗಾ ಒಂದ ಪುಕ್ಕಾ ಕೀಳೂದರಾಗ ಹತ್ತ ಸಲ ಶಿವಾ ಅಂತಾರ, ಕಣ್ಣ ಮುಚ್ಚತಾರ, ಕೋಳಿ ಕೈ ಬಿಡಿಸ್ಕೊಂಡ ಓಡಿ ಹೋಗತೈತಿ. ಇದನ್ನ ಮುಟ್ಟಿದ ಕೈಲೆ ರೊಟ್ಟಿ ಸೇರೂದಿಲ್ಲ ಅಂತಾರ. ಮತ್ತ ಮನೀಗೆ ಹೋಗೂ ಮುಂದ ಸಂಜೀಕ ದಿನಾ ಊರ ಹೊರಗಿನ ಬಾವಿಗೆ ಹೋಗಿ ಮುಳುಗ ಹಾಕಿನs ಹೋಗೂದು. ನನ್ನ ಕೋಳೀ ಗತಿ ನೋಡ್ರಿ, ಮೈಮ್ಯಾಲ ಅರಿವಿ ಇಲ್ಲ ಅದಕ್ಕ!"

ಸುಭಾನಸಾಬ ಕನ್ನಡಕ ತೆಗೆದು ಪೆಟ್ಟಿಗೆಯ ಗುಟ್ಟು ಬಿಡಿಸಿದ. ಒಂದು ಹಲ್ಲನ್ನು ಮೀಟಿದರೆ ಅದು ನಡುಗುತ್ತಲೇ ಇರುತ್ತದೆ. ನಡುಗುವ ಹಲ್ಲಿಗೆ ಇನ್ನೊಂದು ಮುಳ್ಳು ಬಂದು ತಾಗಿದರೆ ಕಿರ್ ಎಂದು ಚೀರುತ್ತದೆ. ಹಾಗಾಗದಂತೆ ದಪ್ಪ ಹಲ್ಲುಗಳ ಅಡಿಗೆ ಕೂದಲಿನಂಥ ತಂತಿ, ಸಣ್ಣ ಹಲ್ಲುಗಳ ಅಡಿಗೆ ಪುಕ್ಕದ ಚೂರು ಇಟ್ಟಿರುತ್ತಾರೆ. ಮುಳ್ಳು ಬರುವ ಮುನ್ನ ಅದು ಹಲ್ಲನ್ನು ಸವರಿ ಸುಮ್ಮನಾಗಿಸುತ್ತದೆ.

"ಕಾಗೀದ ನೋಡಿದ್ವಿ, ಬಿರಸ ಆತು. ಪಾರಿವಾಳದ್ದ ಮೆತ್ತಗಾತು. ಇದಕ್ಕ ಇದs ಆಗಬೇಕ್ರಿ" ಎಂದ ಸುಭಾನಸಾಬ. "ಮನ್ಯಾಗ ಹೇಳಿದ್ರ ಒಪ್ಪೂದಿಲ್ಲ, ಕೂಸು ನಿದ್ದಿ ಇಲ್ಲದ ಅಳತೈತಿ, ಆಕೀ ಮುಖಾ ನೋಡಾಕ ಆಗೂದಿಲ್ಲ ಅಂದ್ರು ಸಾವಕಾರ್ರು. ನಂಗೂ ಕೆಲಸಿರಲಿಲ್ಲ. ತಂತಿ ಎಲ್ಲಾ ಹೊಸಾದ ಹಾಕೀನಿ, ಪುಕ್ಕನೂ ಕುಂತಾವು, ಮುಂದ ಕೆಟ್ಟರ ಇರಲಿ ಅಂತ ಇನ್ನಷ್ಟ ಕೂಡಿಸಾಕತ್ತೇವಿ. ಆದ್ರ ಈ ಹಣಗಿ ಎಲ್ಲಿ ಕೂಡಬೇಕು ಅನ್ನೂದ ತಿಳೀವಲ್ದು. ಕೂದಲೆಳಿಯಷ್ಟ ಅತ್ತಿತ್ತ ಆದ್ರ ಮುಳ್ಳ ಹಲ್ಲಾ ಬಿಟ್ಟ ಸಂದಿಗೆ ಹೊಡೀತಾವು. ಹಾಡ ಹ್ಯಾಂಗಿತ್ತು ಹೇಳ್ರಿ ಅಂದ್ರ ಸಾವಕಾರ್ರು ಹಾಡಿ ತೋರಸ್ತಾರ..."

"ಹಾಡ್ತಾರ?" ಎಂದಳು ಶೇಖವ್ವ ಗಾಬರಿಯಾಗಿ.

"ಎಂಟ ದಿನಾತಬೇ" ಎಂದಳು ಕಾಶೀಂಬಿ ನಿಟ್ಟುಸಿರು ಬಿಟ್ಟು. "ಕೋಳಿ ತತ್ತೀ ಇಡೂದ ಬಿಟ್ಟಾವು."

ಶೇಖವ್ವ ಗಂಟನ್ನು ಕೆಳಗಿಟ್ಟಳು. ಆ ಪುಣ್ಯಾತ್ಮನ ಬೆರಳ ತುದಿಯ ಗಾಯಗಳನ್ನು ಈಗ ಹತ್ತಿರದಿಂದ ನೋಡಿದಳು. ಕೂಸನ್ನು ಅವನ ತೊಡೆಯ ಮೇಲೆ ಹಾಕಿ ಪೆಟ್ಟಿಗೆಯ ಮುಂದೆ ಕುಳಿತಳು.

"ತಿರುವ್ರಿ ಚಾವಿ" ಎಂದಳು.

ಆ ಹಾಡನ್ನು ಅವಳು ಸಾವಿರ ಸಲ ಕೇಳಿದ್ದಳು. ಸುಭಾನಸಾಬ ಹಣಿಗೆಯ ತಿರುಪು ಸಡಿಲಿಸಿ, ಸಣ್ಣ ಕಟ್ಟಿಗೆಯ ಸುತ್ತಿಗೆಯಿಂದ ಮುಟ್ಟಿದನೋ ಇಲ್ಲವೋ ಎಂಬಂತೆ ತಟ್ಟುತ್ತ ಹೋದ. "ಇನ್ನೂ ಅತ್ತಾಗ... ಸಾಕಂದ್ನಲ್ಲ, ಭಾಳಾತು... ಇತ್ತಾಗ, ಜೋಳದ ರವೆಯಷ್ಟು... ಈಗ ಮೊದಲನೇದು ಬಂತು, ಕೊನೇದು ಬಾಯಿ ಬಿಡವಲ್ದು... ಆ ತುದಿ ಒಂದೀಟ ಒತ್ರಿ..." ತಟ್, ತಟ್. ಅಯ್ಯನವರ ಕೈ ಗಡ್ಡದಲ್ಲೇ ನಿಂತಿತು. ಇನ್ನೊಂದು ತಟ್. ಅಷ್ಟೇ, ತಂಬೂರಿ, ಗೆಜ್ಜೆ, ಮಳೆಹನಿ ಮೂರೂ ಒಮ್ಮೆಲೇ ಹಿತ್ತಲಿಗೆ ಬಂದವು. ಅಂದಾನೆಪ್ಪನ ತೊಡೆಯ ಮೇಲಿದ್ದ ಗುರುಸಂಗಪ್ಪ ಅಳುವುದನ್ನು ಅರ್ಧಕ್ಕೇ ಬಿಟ್ಟು ಬಾಯಿ ತೆರೆದ.

"ವಾರೆವ್ಹಾ, ಅಕ್ಕಾ!" ಎಂದ ಸುಭಾನಸಾಬ.

ಶೇಖವ್ವನ ಮುಖ ಅರಳಿತು. ಅಲ್ಲಿಗೇ ಎಲ್ಲ ಮುಗಿದು ಸುಖವಾಗಿ ಮನೆಗೆ ಹೋಗಬಹುದಿತ್ತು. ಆದರೆ ಅವಳು ಗಂಡನನ್ನು ಸಮಾಧಾನಪಡಿಸಲು ಹೋದಳು.

"ಇರಲಿ ಬಿಡ್ರಿ. ಹೆಚ್ಚ ತಿರುವಿದ್ರಿ, ಕೆಟ್ಟಿತು. ಯಾರೂ ಬೇಕಂತ ಮಾಡೂದಿಲ್ಲ."

"ತಿರುವಿ ಕೆಟ್ಟಿದ್ದಲ್ಲಕ್ಕಾ ಇದು" ಎಂದ ಸುಭಾನಸಾಬ, ಕೆಲಸಗಾರನ ಪ್ರಾಮಾಣಿಕತೆಯಿಂದ. "ಯಾರೋ ಮಹಾತ್ಮರು ಹುಣಸೀಹಣ್ಣ ಹಾಕಿ ತೊಳದಾರ. ಹಳೇ ಪುಕ್ಕಾ ಎಲ್ಲಾ ಕೆರದ ತಗದಾರ. ಕೊನೀ ಹಲ್ಲಿಗೆ ಒಂದ ಉಳದಿತ್ತು, ನೋಡ್ರಿ, ತಗದ ಇಟ್ಟೀನಿ."

ಅಂಗೈಯ ಮೇಲೆ ಬೂದು ಬಣ್ಣದ ಒಂದು ಚೂರು ತೋರಿಸಿದ. ಅಯ್ಯನವರು ಬಾಗಿ ನೋಡಿದರು.

"ಹಳೇ ಪುಕ್ಕಾ?" ಎಂದರು ಮೆಲ್ಲಗೆ. "ಅಂದ್ರ ಮೊದಲಿಂದನs ಇದರಾಗ ಇತ್ತೇನು? ಯಾವುದರದು?"

"ಇದರದs ಅಜ್ಜಾರ. ಸಾಹೇಬರ ದೇಶದಾಗೂ ಕೋಳಿ ಅದಾವಲ್ರಿ."

ಪೆಟ್ಟಿಗೆ ಹಾಡುತ್ತಲೇ ಇತ್ತು. ಅಯ್ಯನವರು ನಿಧಾನವಾಗಿ ಶೇಖವ್ವನ ಕಡೆ ತಿರುಗಿದರು.

"ಈ ಪೆಟಿಗಿ ಹೊಸ್ತಿಲಾ ದಾಟಿಸಿ ಮನೀ ಒಳಗ ಯಾರ ತಂದ್ರು, ತಂಗಿ?"

"ಅದು... ನಮ್ಮ ತವರವರು ಕೊಟ್ಟಿದ್ರಿ."

"ತಂದವರು?"

"ನಾನs ಉಡ್ಯಾಗ ಇಟಗೊಂಡ ತಂದ್ನಿ" ಎಂದಳು ಶೇಖವ್ವ. ದನಿ ಬಾವಿಯ ತಳದಿಂದ ಬಂದಂತಿತ್ತು. "ಆದ್ರ ಅತ್ತೀನೂ ಸೋಮವಾರ ಸೋಮವಾರ ಅದಕ್ಕ ವಿಭೂತಿ ಹಚ್ಚತಿದ್ರಿ!"

"ನಾ ಮುಟ್ಟಿದ್ದ ಮುಚ್ಚಳಾ!" ಎಂದಳು ಹೊನ್ನವ್ವ ಸಿಡಿದು. "ಮುಚ್ಚಳಾ ಕಟಗೀದು. ಕಟಗೀಗೆ ಮೈಲಗಿಲ್ಲ. ಮತ್ತ, ರುಮಾಲದಾಗಿಂದ ಬಿದ್ದಿದ್ದ ಪುಕ್ಕಾ ಎಲ್ಲಿ ಐತಿ?"

ಶೇಖವ್ವ ಬಿಗಿಯಾದ ಗಂಟನ್ನೇ ಮತ್ತೆ ಬಿಗಿದಳು. ಸಣ್ಣವ್ವ ಮಾತಾಡಿದಳು. "ತೊಟ್ಟಲಾ ಬಾಜೂ ಗೂಡಿನಾಗ ಬಚ್ಚಿಟ್ಟಾಳಂತ. ಕೂಸಿಗೆ ಹೇಳೂದ ಗ್ವಾಡೀ ಆಚೆಯಿಂದ ಕೇಳಿಸಿತ್ತ."

"ನಾಕ ದಿನಾ! ನನ್ನ ಮೊಮ್ಮಗನ ತಲೀ ಹತ್ತಿರ!"

"ಸಾಕ್ಷಿ ಅಂತ ಇಟ್ಟಿದ್ದೆ ಅತ್ತಿ..."

ಅಯ್ಯನವರು ಕೈಯೆತ್ತಿ ತೀರ್ಪು ಕೊಟ್ಟರು. ಅಂದಾನೆಪ್ಪ ಎಂಟು ದಿನವೂ ಮುಳುಗು ಹಾಕಿ ಬಂದದ್ದರಿಂದ ಅವನು ಶುದ್ಧ. ಪೆಟ್ಟಿಗೆಗೆ ವಿಭೂತಿ ಹಚ್ಚಿದರೆ ಸಾಕು. ಹಾಡಿನಲ್ಲಿ ಮಾಂಸವಿರುವುದಿಲ್ಲ, ಮೇಲಾಗಿ ಕೂಸು ಮಲಗಬೇಕು. ಇನ್ನು ಮನೆಯೊಳಗೆ ತಂದವರಿಗೆ ಇಪ್ಪತ್ತೊಂದು, ಬಚ್ಚಿಟ್ಟವರಿಗೆ ಇಪ್ಪತ್ತೊಂದು. "ಕೂಸಿನ ತಾಯಿ ಅಂತ ಎರಡನೇದು ಬಿಟ್ಟೀನಿ" ಎಂದರು ದೊಡ್ಡ ಮನಸ್ಸಿನಿಂದ.

"ಬಿಸಿನೀರರೆ..." ಎಂದಳು ಶೇಖವ್ವ.

"ನಾ ಬಿಸಿನೀರs ಹೇಳಿದ್ದೆ ತಂಗಿ. ನೀನ ಒಲ್ಲೆ ಅಂದಿ."

ಹೀಗಾಗಿ ಮರುದಿನ ಬೆಳಗಿನ ಮೊದಲ ಬಿಸಿಲಿಗೆ ಶೇಖವ್ವ ಉಟ್ಟ ಸೀರೆಯಲ್ಲೇ ಬಾವಿಕಟ್ಟೆಯ ಮೇಲೆ ಕೈ ಮುಗಿದು ಕುಳಿತಳು. ನೀರು ಸೇದುವ ಹಕ್ಕು ಗಂಡನದು. ಅಂದಾನೆಪ್ಪ ಒಳ್ಳೆಯವನು, ಪ್ರತಿ ಕೊಡಕ್ಕೂ "ಸೊಲ್ಪ ತಡಕೋ" ಎಂದು ಮೆಲ್ಲಗೆ ಹೇಳಿಯೇ ಸುರಿಯುತ್ತಿದ್ದ. ಹೊನ್ನವ್ವ ಪಡಸಾಲೆಯ ಕಟ್ಟೆಯ ಮೇಲೆ ಮೊಮ್ಮಗನನ್ನು ತೊಡೆಯಲ್ಲಿ ಮಲಗಿಸಿಕೊಂಡು, ಪಕ್ಕದಲ್ಲಿ ಪೆಟ್ಟಿಗೆಯನ್ನು ಹಾಡಲು ಬಿಟ್ಟು, ಬೆರಳು ಮಡಿಚಿ ಎಣಿಸುತ್ತಿದ್ದಳು. ಹಾಡಿನ ಇಂಪಿಗೆ ಅವಳ ತಲೆ ಒಮ್ಮೆ ತೂಗಿ ಕೆಳಗೆ ಬಾಗಿತು, ಮತ್ತೆ ಮೇಲೆದ್ದಿತು.

"ಯವ್ವಾ, ಎಷ್ಟಾದ್ವು?" ಅಂದಾನೆಪ್ಪ ಪಿಸುಗುಟ್ಟಿದ.

ಹೊನ್ನವ್ವ ಬೆರಳು ನೋಡಿಕೊಂಡಳು. ಬೆರಳುಗಳೆಲ್ಲ ಬಿಚ್ಚಿಕೊಂಡಿದ್ದವು.

"ಜೋಂಪ ಹತ್ತಿತ್ತಪಾ. ಲೆಕ್ಕಾ ತಪ್ಪೇತಿ. ಶಿವನ ಕೆಲಸದಾಗ ಅಂದಾಜ ನಡ್ಯೂದಿಲ್ಲ. ಒಂದರಿಂದ ಹಿಡಿ."

ಹತ್ತೊಂಬತ್ತಾಗಿದ್ದವು. ಶೇಖವ್ವ ನಡುಗುತ್ತ ಎಣಿಸಿಟ್ಟಿದ್ದಳು. ಅದನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊನ್ನವ್ವ ಬೆರಳನ್ನು ತುಟಿಗಿಟ್ಟು ತೊಡೆಯ ಮೇಲೆ ತೋರಿಸಿದಳು. ಗುರುಸಂಗಪ್ಪ ದೀಪಾವಳಿಯಾದ ಮೇಲೆ ಮೊದಲ ಸಲ, ಮುಷ್ಟಿ ಸಡಿಲಿಸಿ, ಬಾಯಿ ತುಸು ತೆರೆದು, ಗಾಢವಾಗಿ ನಿದ್ದೆ ಹೋಗಿದ್ದ.

ಶೇಖವ್ವ ಬಾಯಿ ಮುಚ್ಚಿಕೊಂಡಳು. "ಸೊಲ್ಪ ತಡಕೋ" ಎಂದ ಅಂದಾನೆಪ್ಪ, ಕೊಡವನ್ನು ಮೇಲೆತ್ತುತ್ತ. "ಒಂದು."